ಊಟದ ಮೇಜಿನ ಮೇಲೆ ಆಫೀಸ್ ಕೆಲಸ: ಕತ್ತು ನೋವಿಗೆ ಏನು ಮಾಡಬೇಕು?

ಪ್ರಶ್ನೆ: ಮನೆಯಲ್ಲಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುತ್ತೇನೆ. ನನ್ನ ಎತ್ತರ 5 ಅಡಿ 2 ಇಂಚು. ಸಂಜೆ ಹೊತ್ತಿಗೆ ಕತ್ತು ಬಿಗಿಯುತ್ತದೆ, ಕಿರುಬೆರಳು ಜುಮ್ಮೆನ್ನುತ್ತದೆ. ಲ್ಯಾಪ್‌ಟಾಪ್ ಸ್ಟ್ಯಾಂಡ್ ತಂದ ಮೇಲೆ ಭುಜದ ನೋವೂ ಶುರುವಾಗಿದೆ. ದುಬಾರಿ ಕುರ್ಚಿ ಕೊಳ್ಳಲೇಬೇಕೇ?
– ಓದುಗರು, ಹಾಸನ

ಉತ್ತರ: ಸದ್ಯಕ್ಕೆ ಬೇಡ. ನಿಮ್ಮ ತೊಂದರೆಯ ಮೂಲ ಮೇಜಿನ ಎತ್ತರ. ಊಟದ ಮೇಜು ಸಾಮಾನ್ಯವಾಗಿ 75 ಸೆಂ.ಮೀ. ಇರುತ್ತದೆ, ಕುರ್ಚಿ 45. ಅದರಲ್ಲಿ ಕೂತು ತೋಳು ಇಳಿಬಿಟ್ಟು ನೋಡಿ: ಮೊಣಕೈ ಮೇಜಿಗಿಂತ ಸುಮಾರು ನಾಲ್ಕು ಬೆರಳು ಕೆಳಗಿರುತ್ತದೆ. ಟೈಪ್ ಮಾಡಲು ದಿನವಿಡೀ ಭುಜ ಎತ್ತಿಕೊಂಡೇ ಇರಬೇಕು. ಸ್ಟ್ಯಾಂಡ್ ಇಟ್ಟಾಗ ಪರದೆಯ ಜೊತೆ ಕೀಬೋರ್ಡ್ ಕೂಡ ಮೇಲೇರಿತು, ಭುಜ ಇನ್ನಷ್ಟು ಮೇಲೆ ಹೋಯಿತು. ಹಾಗಾಗಿ ದುಡ್ಡು ಖರ್ಚು ಮಾಡುವುದಾದರೆ ಮೊದಲು ಬೇರೆ ಕೀಬೋರ್ಡ್, ಮೌಸ್ ತನ್ನಿ. ಅವಿಲ್ಲದೆ ಸ್ಟ್ಯಾಂಡ್ ಬಳಸಬೇಡಿ.

ಮೊಣಕೈ ಮೇಜಿನ ಮಟ್ಟಕ್ಕೆ ಬರುವವರೆಗೆ ಆಸನ ಎತ್ತರಿಸಿ. ಮೆತ್ತನೆ ಸ್ಪಂಜು ಕುಸಿಯುತ್ತದೆ. ಮಡಿಸಿದ ಜಮಖಾನ ವಾಸಿ. ಆಗ ಪಾದ ನೆಲ ಬಿಡುತ್ತದೆ. ಇಲ್ಲೇ ಬಹಳ ಜನ ಎಡವುವುದು: ಕಾಲು ತೂಗಾಡಿದರೆ ಕುರ್ಚಿಯ ಅಂಚು ತೊಡೆಯನ್ನು ಒತ್ತುತ್ತದೆ, ನೀವು ಮುಂದಕ್ಕೆ ಜಾರುತ್ತೀರಿ, ಬೆನ್ನಿಗೆ ಆಸರೆ ತಪ್ಪುತ್ತದೆ. ಆಸನ ಏರಿಸಿದಷ್ಟೇ ಎತ್ತರದ ಮಣೆ ಕಾಲಡಿಗೆ ಇರಲಿ. ಸುತ್ತಿದ ಟವೆಲ್ಲನ್ನು ಸೊಂಟದ ಒಳಬಾಗಿನಲ್ಲಿ ಇಟ್ಟುಕೊಳ್ಳಿ, ಅದಕ್ಕಿಂತ ಮೇಲೆ ಬೇಡ.

ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ, ಒಂದು ತೋಳಿನಷ್ಟು ದೂರದಲ್ಲಿರಲಿ. ಪ್ರೋಗ್ರೆಸಿವ್ ಕನ್ನಡಕ (ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜು) ಹಾಕುವವರು ಇನ್ನೂ ಕೆಳಗಿಡಬೇಕು. ಇಲ್ಲದಿದ್ದರೆ ಗಾಜಿನ ಕೆಳಭಾಗದಿಂದ ಓದಲು ಗದ್ದ ಎತ್ತಿ ಕತ್ತು ಹಿಂದಕ್ಕೆ ಬಾಗಿಸುತ್ತಾರೆ.

ಕಿರುಬೆರಳಿನ ಜುಮ್ಮಿಗೆ ಮೊಣಕೈಯನ್ನು ಮೇಜಿನ ಗಟ್ಟಿ ಅಂಚಿಗೆ ಊರುವುದು ಕಾರಣವಿರಬಹುದು. ಕಿರುಬೆರಳಿಗೆ ಹೋಗುವ ನರ ಅಲ್ಲಿ ಚರ್ಮದ ಕೆಳಗೇ ಇದೆ. ಊರುವುದನ್ನು ಬಿಟ್ಟು ಎರಡು ವಾರವಾದರೂ ಕಡಿಮೆಯಾಗದಿದ್ದರೆ, ಅಥವಾ ಕೈಹಿಡಿತ ಸಡಿಲವಾದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಇಷ್ಟೆಲ್ಲ ಸರಿಮಾಡಿದರೂ ಅರ್ಧ ಗಂಟೆಗೊಮ್ಮೆ ಏಳಲೇಬೇಕು. ಒಂದೇ ಭಂಗಿಯಲ್ಲಿ ಬಹಳ ಹೊತ್ತು ಇದ್ದರೆ ಯಾವ ಸ್ನಾಯುವೂ ಸೋಲುತ್ತದೆ.

ಪ್ರಶ್ನೆ: ಚಕ್ಕಳಮಕ್ಕಳ ಹಾಕಿ ನೆಲದಲ್ಲೇ ಕೆಲಸ ಮಾಡಬಹುದೇ?
– ಓದುಗರು, ಶಿರಸಿ

ಉತ್ತರ: ಮಂಡಿನೋವಿಲ್ಲದಿದ್ದರೆ ಸ್ವಲ್ಪ ಹೊತ್ತು ಮಾಡಬಹುದು. ಬರೀ ಚಾಪೆ ಸಾಲದು. ಮಂಡಿಗಿಂತ ಸೊಂಟ ಮೇಲಿರುವಂತೆ ಗಟ್ಟಿ ದಿಂಬು ಹಾಕಿಕೊಳ್ಳಿ, ಇಲ್ಲವಾದರೆ ಬೆನ್ನು ಗೂನಾಗುತ್ತದೆ. ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಇಡದೆ ನೆಲದಲ್ಲಿ ಕೂತು ಬಳಸುವ ಗಿಡ್ಡ ಡೆಸ್ಕಿನ ಮೇಲಿಡಿ. ಕಾಲು ಜೋಮು ಹಿಡಿಯುವ ಮೊದಲೇ ಎದ್ದುಬಿಡಿ.