ಹೊಸ ಕಾರು, ಹಳೆಯ ಘಟ್ಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಾರು ಕೊಂಡು ಮೂರು ತಿಂಗಳು ತುಂಬದವರ ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಕೆಎ-30 (ಕಾರವಾರ), ಕೆಎ-31 (ಸಿರ್ಸಿ), ಕೆಎ-47 (ಹೊನ್ನಾವರ), ಮೂರೂ ನೋಂದಣಿಯವರು ಬರೆದಿದ್ದಾರೆ. ಅರ್ಧಕ್ಕರ್ಧ ದೂರುಗಳು ಗಾಡಿಯ ದೋಷವಲ್ಲ. ನಮ್ಮ ಘಟ್ಟ, ಕಡಲಗಾಳಿ ಮತ್ತು ತೇವದ ಕೆಲಸ. ಉಳಿದರ್ಧವನ್ನು ವಾರಂಟಿ ಇರುವಾಗಲೇ ವರ್ಕ್‌ಶಾಪಿಗೆ ತೋರಿಸಬೇಕು.

ಪ್ರಶ್ನೆ: ಪೆಟ್ರೋಲ್ ಕಾರು ಕೊಂಡು 40 ದಿನ, 1,400 ಕಿ.ಮೀ. ಓಡಿದೆ. ಕಂಪನಿಯ ಲೆಕ್ಕ ಲೀಟರಿಗೆ 20. ಮೀಟರ್ ಪರದೆ 15.8 ತೋರಿಸುತ್ತದೆ. ಎಂಜಿನ್ನಿನಲ್ಲಿ ಏನಾದರೂ ಐಬು ಇರಬಹುದೇ? (ಅಂಕೋಲಾ)

ಉತ್ತರ: ಪರದೆಯ ಲೆಕ್ಕವನ್ನು ಮೊದಲು ಬದಿಗಿಡಿ, ಅದು ಸಾಮಾನ್ಯವಾಗಿ ಸ್ವಲ್ಪ ಉದಾರಿ. ಬಂಕಿನಲ್ಲಿ ಪಂಪ್ ತಾನಾಗಿ ಕಟ್ ಆಗುವವರೆಗೆ ತುಂಬಿಸಿ ಟ್ರಿಪ್ ಮೀಟರ್ ಸೊನ್ನೆ ಮಾಡಿ. ಟ್ಯಾಂಕ್ ಮುಕ್ಕಾಲು ಖಾಲಿಯಾದ ಮೇಲೆ ಅದೇ ಬಂಕಿನ ಅದೇ ಪಂಪಿನಲ್ಲಿ ಮತ್ತೆ ಕಟ್ ಆಗುವವರೆಗೆ ತುಂಬಿಸಿ. 412 ಕಿ.ಮೀ. ಓಡಿ 28.2 ಲೀಟರ್ ಹಿಡಿದರೆ 14.6. ಹೀಗೆ ಮೂರು ಟ್ಯಾಂಕ್ ನೋಡಿ ಸರಾಸರಿ ತೆಗೆಯಿರಿ. ಕಟ್ ಆದ ಮೇಲೆ 'ರೌಂಡ್ ಫಿಗರ್' ಮಾಡಲು ಹನಿಸಿದರೆ ಲೆಕ್ಕವೂ ಕೆಟ್ಟಿತು, ಪೆಟ್ರೋಲ್ ಆವಿ ಹಿಡಿಯುವ ಡಬ್ಬಿಯೂ ಕೆಟ್ಟೀತು.

ಕಂಪನಿಯ ಅಂಕಿ ಬರುವುದು ಪ್ರಯೋಗಾಲಯದ ರೋಲರಿನ ಮೇಲೆ. ಅಲ್ಲಿ ಪೇಟೆಯ ಸ್ಪೀಡ್ ಬ್ರೇಕರ್ ಇಲ್ಲ, ಎರಡು ಕಿಲೋಮೀಟರಿನ ಹಾಲು-ತರಕಾರಿ ಓಡಾಟವೂ ಇಲ್ಲ. ತಣ್ಣಗಿರುವ ಎಂಜಿನ್ ಮೊದಲ ನಾಲ್ಕೈದು ಕಿಲೋಮೀಟರ್ ಹೆಚ್ಚು ಕುಡಿಯುತ್ತದೆ. ಮನೆಯಿಂದ ಪೇಟೆಗಷ್ಟೇ ಓಡುವ ಗಾಡಿ ಆ ಸ್ಥಿತಿ ದಾಟುವುದೇ ಇಲ್ಲ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್. ಅದರಲ್ಲಿ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ, ಹಾಗಾಗಿ ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಶೇ. 6-7ರಷ್ಟು ಅಲ್ಲೇ ಹೋಯಿತು. ಟೈರ್ ಗಾಳಿಯನ್ನು ಚಾಲಕನ ಬಾಗಿಲ ಕಂಬದ ಸ್ಟಿಕ್ಕರಿನಲ್ಲಿರುವಷ್ಟು, ಗಾಡಿ ಓಡಿಸುವ ಮೊದಲೇ ಹಾಕಿಸಿ. ಐದಾರು ಸಾವಿರ ಕಿ.ಮೀ. ಕಳೆದ ಮೇಲೂ ಹೆದ್ದಾರಿ 66ರಲ್ಲಿ 80ರ ಹದದಲ್ಲಿ 15 ದಾಟದಿದ್ದರೆ ಆಗ ತೋರಿಸಿ.

ಪ್ರಶ್ನೆ: ಎಎಂಟಿ (ತಾನಾಗಿ ಬದಲಾಗುವ) ಗೇರಿನ ಕಾರು. ಐದು ಜನ, ಸಾಮಾನು ಸಮೇತ ಸಿರ್ಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋದಾಗ ಚಕ್ರದಿಂದ ಸುಟ್ಟ ವಾಸನೆ ಬಂತು, ಬ್ರೇಕ್ ಪೆಡಲ್ ಕೆಳಕ್ಕೆ ಹೋದಂತಾಯಿತು. ವಾಪಸ್ ಹತ್ತುವಾಗ ಲಾರಿ ಹಿಂದೆ ನಿಂತು ಹೊರಡಿಸಿದರೆ ಗಾಡಿ ನಡುಗಿ ಹಿಂದಕ್ಕೆ ಜಾರಿತು. ಹಿಂದಿನ ಸೀಟಿನ ಮಕ್ಕಳಿಗೆ ವಾಂತಿ ಬೇರೆ. (ಸಿರ್ಸಿ)

ಉತ್ತರ: ನಿಮ್ಮ ಗಾಡಿ ತುಂಬಿದಾಗ ಹೆಚ್ಚುಕಡಿಮೆ ಒಂದೂವರೆ ಟನ್. ಸಿರ್ಸಿ ಸಮುದ್ರ ಮಟ್ಟದಿಂದ ಸುಮಾರು 590 ಮೀಟರ್ ಎತ್ತರ. ಅಷ್ಟು ತೂಕ ಅಷ್ಟು ಕೆಳಗಿಳಿಯುವಾಗ ಹೊಮ್ಮುವ ಶಕ್ತಿಯಲ್ಲಿ ಬಚ್ಚಲ ಹಂಡೆಯ 30 ಲೀಟರ್ ತಣ್ಣೀರು ಕುದಿಯುವ ಹಂತಕ್ಕೆ ಬರುತ್ತದೆ. ಗಾಳಿ ಮತ್ತು ಟೈರು ಸ್ವಲ್ಪ ನುಂಗುತ್ತವೆ. ಮಿಕ್ಕಿದ್ದನ್ನು ಎಂಜಿನ್ ಹಿಡಿಯಬೇಕು, ಇಲ್ಲವೇ ಬ್ರೇಕ್ ಸುಡಬೇಕು.

ಎಎಂಟಿಯನ್ನು 'ಡಿ'ಯಲ್ಲಿ, ಅಂದರೆ ಗೇರ್ ತಾನೇ ಬದಲಾಗುವ ಸ್ಥಾನದಲ್ಲಿ, ಬಿಟ್ಟರೆ ಅದು ಮೈಲೇಜಿನ ಆಸೆಗೆ ಇಳಿಜಾರಿನಲ್ಲೂ 4ಕ್ಕೋ 5ಕ್ಕೋ ಹೋಗಿ ಕೂರುತ್ತದೆ. ಎಂಜಿನ್ನಿನ ಹಿಡಿತ ಅಲ್ಲಿಗೆ ಮುಗಿಯಿತು. ಇಳಿಯುವ ಮೊದಲೇ ಲಿವರನ್ನು 'ಎಂ'ಗೆ (ಗೇರನ್ನು ನಾವೇ ಬದಲಿಸುವ ಸ್ಥಾನ) ತಂದು ಮೂರನೇ ಗೇರ್, ಹೇರ್‌ಪಿನ್ ತಿರುವಿಗೆ ಎರಡನೇ ಗೇರ್. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯುವುದು ಲಾರಿಯವರ ಹಳೇ ರೂಢಿ, ಇಂದಿಗೂ ಸರಿ. ಎಂಜಿನ್ 3,000 ಸುತ್ತಿನಲ್ಲಿ ಕೂಗಿದರೆ ಹೆದರಬೇಡಿ, ಅದಕ್ಕೇನೂ ಆಗುವುದಿಲ್ಲ. ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲಿ ಇಳಿಯುವಾಗ ಈಗಿನ ಎಂಜಿನ್ನಿಗೆ ಇಂಧನವೇ ಹೋಗುವುದಿಲ್ಲ. ನ್ಯೂಟ್ರಲ್‌ನಲ್ಲಿ ಇಳಿಸಿದರೆ ಉಳಿತಾಯ ಎನ್ನುವವರಿಗೆ ಇದನ್ನು ಹೇಳಿ: ನ್ಯೂಟ್ರಲ್‌ನಲ್ಲೇ ಎಂಜಿನ್ ತಿರುಗಲು ಪೆಟ್ರೋಲ್ ಬೇಕು.

ಬ್ರೇಕನ್ನು ಮೆಲ್ಲಗೆ ಒತ್ತಿಹಿಡಿದೇ ಇರಬೇಡಿ. ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ, ಡಿಸ್ಕಿಗೆ ಗಾಳಿಯಾಡಲಿ. ಡಿಸ್ಕನ್ನು ಒತ್ತಿಹಿಡಿಯುವ ಹೊಸ ಪ್ಯಾಡ್ ಅದಕ್ಕೆ ಕೂರಲು ಮುನ್ನೂರು ಕಿಲೋಮೀಟರಾದರೂ ಬೇಕು. ಶೋರೂಮಿನಿಂದ ನೇರ ಘಟ್ಟಕ್ಕೆ ಇಳಿಸಿದವರಿಗೆ ಈ ವಾಸನೆ ಬೇಗ ಸಿಗುತ್ತದೆ.

ಪೆಡಲ್ ಕೆಳಕ್ಕೆ ಹೋದದ್ದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಪೆಡಲ್ ಗಟ್ಟಿಯಿದ್ದೂ ಗಾಡಿ ನಿಲ್ಲದಿದ್ದರೆ ಪ್ಯಾಡ್ ಕಾದಿದೆ ಎಂದರ್ಥ. ಪೆಡಲ್ ಮೆತ್ತಗಾಗಿ ನೆಲ ಮುಟ್ಟಿದರೆ ಬ್ರೇಕ್ ಆಯಿಲ್ ಕುದಿದು ಗುಳ್ಳೆ ಎದ್ದಿದೆ, ಅಥವಾ ಪೈಪಿನಲ್ಲಿ ಗಾಳಿ ಸೇರಿದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕುದಿಯುವುದು 230 ಡಿಗ್ರಿ ಮೇಲೆ. ಗಾಳಿಯ ತೇವ ಹೀರಿದ ಮೇಲೆ ಅದು 155ರ ಹತ್ತಿರಕ್ಕೆ ಇಳಿಯಬಹುದು. ನಮ್ಮಂಥ ತೇವದ ಊರಿನಲ್ಲಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕೆನ್ನುವುದು ಇದಕ್ಕೇ. ನಿಮ್ಮದು ಹೊಸ ಗಾಡಿ, ಆದರೂ ತಣಿದ ಮೇಲೂ ಪೆಡಲ್ ಮೆತ್ತಗೇ ಇದ್ದರೆ ಏರ್ ತೆಗೆಸಿ ಒಮ್ಮೆ ಪರೀಕ್ಷೆ ಮಾಡಿಸಿ. ದಾರಿಯಲ್ಲಿ ವಾಸನೆ ಬಂದರೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಗೇರಿನಲ್ಲೇ ಆಫ್ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟು ಇಪ್ಪತ್ತು ನಿಮಿಷ ಕಾಯಿರಿ. ಕಾದ ಡಿಸ್ಕಿಗೆ ನೀರು ಹೊಯ್ದರೆ ಅದು ಸೊಟ್ಟಗಾಗುತ್ತದೆ.

ಇನ್ನು ಘಟ್ಟ ಹತ್ತುವ ವಿಷಯ. ಎಎಂಟಿಯಲ್ಲಿ ಕ್ಲಚ್ ಪೆಡಲ್ ಇಲ್ಲ ಅಷ್ಟೇ; ಒಳಗಿರುವುದು ಮಾಮೂಲಿ ಕ್ಲಚ್ ಪ್ಲೇಟೇ, ಅದನ್ನು ಒತ್ತುವುದು ಯಂತ್ರ. ಲಾರಿಯ ಬಾಲಕ್ಕೆ ಅಂಟಿಕೊಂಡು ಆಕ್ಸಿಲರೇಟರಿನಲ್ಲೇ ಗಾಡಿಯನ್ನು ಏರಿನಲ್ಲಿ ತಡೆದು ನಿಲ್ಲಿಸಿದರೆ ಆ ಪ್ಲೇಟ್ ಜಾರುತ್ತ ಸುಡುತ್ತದೆ. ನೀವು ಹೇಳಿದ ನಡುಕ ಅದೇ. ಬ್ರೇಕಿನಲ್ಲಿ ಪೂರ್ತಿ ನಿಲ್ಲಿ, ಮುಂದೆ ಎರಡು ಗಾಡಿಯಷ್ಟು ಜಾಗ ಆಗಲಿ, ಆಮೇಲೆ ಒಂದೇ ಸಲ ಹೊರಡಿ. ಹಿಲ್ ಹೋಲ್ಡ್ (ಏರಿನಲ್ಲಿ ಗಾಡಿ ಹಿಂದಕ್ಕೆ ಜಾರದಂತೆ ತಡೆಯುವ ಸೌಲಭ್ಯ) ಇದ್ದರೆ ಅದು ಹಿಡಿಯುವುದು ಎರಡು ಸೆಕೆಂಡಿನಷ್ಟೇ. ಇಲ್ಲದಿದ್ದರೆ ಹ್ಯಾಂಡ್ ಬ್ರೇಕ್ ಎಳೆದು, ಗಾಡಿ ಮುಂದಕ್ಕೆ ತಳ್ಳಿದಂತಾದಾಗ ಬಿಡಿ.

ಮಕ್ಕಳ ವಾಂತಿಗೂ ಗೇರಿಗೂ ಸಂಬಂಧವಿದೆ. 'ಡಿ'ಯಲ್ಲಿ ಎರಡು-ಮೂರರ ನಡುವೆ ತಡಕಾಡುವಾಗ ಪ್ರತಿ ಬದಲಾವಣೆಗೂ ತಲೆ ಮುಂದೆ-ಹಿಂದೆ ತೂಗುತ್ತದೆ. ಗೇರ್ ಹಿಡಿದಿಟ್ಟರೆ ಅರ್ಧ ಕಡಿಮೆಯಾಗುತ್ತದೆ. ಕೈಗೆ ಮೊಬೈಲ್ ಕೊಡಬೇಡಿ, ದೂರದ ರಸ್ತೆ ಕಾಣುವಂತೆ ಕೂರಿಸಿ. ಹೊಸ ಗಾಡಿಯ ಪ್ಲಾಸ್ಟಿಕ್ ವಾಸನೆ ಹೊಟ್ಟೆ ತೊಳಸುವುದರಲ್ಲಿ ದೊಡ್ಡ ಪಾಲು ಮಾಡುತ್ತದೆ. ಗಾಜು ನಾಲ್ಕು ಬೆರಳು ಇಳಿಸಿಡಿ. ಅದರ ಮೇಲೆ ಮಲ್ಲಿಗೆಯ ಕಾರ್ ಪರ್ಫ್ಯೂಮ್ ಬೇರೆ ತೂಗುಹಾಕಿದ್ದರೆ ಇವತ್ತೇ ತೆಗೆಯಿರಿ.

ಪ್ರಶ್ನೆ: ಮನೆ ಕೋಡಿಬಾಗದ ಕಡಲ ಬದಿ. ತಿಂಗಳಾಗಿಲ್ಲ, ಬೆಳಿಗ್ಗೆ ನೋಡಿದರೆ ಚಕ್ರದೊಳಗಿನ ಡಿಸ್ಕ್ ಕಿತ್ತಳೆ ಬಣ್ಣ, ಹೊರಡುವಾಗ ಹಿಂದೆ 'ಟಕ್' ಎಂಬ ಶಬ್ದ. ಅಂಡರ್‌ಬಾಡಿ ಕೋಟಿಂಗ್ (ಗಾಡಿಯ ಅಡಿಗೆ ತುಕ್ಕು ತಡೆಯುವ ಲೇಪ) ಮಾಡಿಸಲೇಬೇಕೆಂದು ಶೋರೂಮಿನವರ ಒತ್ತಾಯ. ಬೇಕೇ? (ಕಾರವಾರ)

ಉತ್ತರ: ಡಿಸ್ಕ್ ಬಣ್ಣ ಬಳಿಯದ ಎರಕದ ಕಬ್ಬಿಣ. ಒಂದು ರಾತ್ರಿಯ ತೇವ ಸಾಕು, ಕಿತ್ತಳೆ ಪುಡಿ ಕೂರುತ್ತದೆ; ಮೂರು ನಾಲ್ಕು ಬ್ರೇಕಿಗೆ ಒರೆಸಿಹೋಗುತ್ತದೆ. 'ಟಕ್' ಎನ್ನುವುದು ಹಿಂದಿನ ಡ್ರಮ್ಮಿಗೆ ಬ್ರೇಕ್ ಶೂ ಅಂಟಿ ಬಿಡುವ ಸದ್ದು. ಸಮತಟ್ಟು ಅಂಗಳವಾದರೆ ಹ್ಯಾಂಡ್ ಬ್ರೇಕ್ ಎಳೆಯದೆ ಗೇರಿನಲ್ಲಿಟ್ಟು ಚಕ್ರಕ್ಕೆ ಮರದ ಅಡ್ಡೆ ಕೊಡಿ. ತೊಳೆದ ಮೇಲೆ ಒಂದು ಸುತ್ತು ಓಡಿಸಿ, ನಾಲ್ಕು ಸಲ ಬ್ರೇಕ್ ಒತ್ತಿ ಒಣಗಿಸಿಯೇ ನಿಲ್ಲಿಸಿ.

ಕೋಟಿಂಗ್ ವಿಷಯದಲ್ಲಿ ಅವಸರ ಬೇಡ. ಬಾಡಿಯನ್ನು ಕಾರ್ಖಾನೆಯಲ್ಲೇ ತುಕ್ಕು ತಡೆಯುವ ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿರುತ್ತಾರೆ. ತುಕ್ಕು ಹೆಚ್ಚಾಗಿ ಶುರುವಾಗುವುದು ಒಳಗಿನಿಂದ. ಬಾಗಿಲು ತೆರೆದು ಅದರ ಕೆಳ ಅಂಚನ್ನು ಬೆರಳಿನಿಂದ ಸವರಿ: ಉಗುರಿನಗಲದ ಎರಡು ಮೂರು ಕಂಡಿ ಸಿಗುತ್ತವೆ. ಗಾಜಿನ ಬದಿಯಿಂದ ಒಳಗಿಳಿದ ನೀರು ಹೊರಹೋಗುವ ದಾರಿ ಅದು. ಹೊಯ್ಗೆ, ಎಲೆಚೂರು ಕಟ್ಟಿಕೊಂಡರೆ ಬಾಗಿಲು ಹೊಟ್ಟೆಯಲ್ಲಿ ನೀರು ಹೊತ್ತು ಕೊಳೆಯುತ್ತದೆ. ಹಿಡಿಕಡ್ಡಿಯಿಂದ ತಿಂಗಳಿಗೊಮ್ಮೆ ಬಿಡಿಸಿ. ಕೋಟಿಂಗ್ ಹೊಡೆಯುವವರು ಇಂಥ ಕಂಡಿಗಳನ್ನೇ ಮುಚ್ಚಿಬಿಡುವುದುಂಟು. ಮಾಡಿಸುವುದೇ ಆದರೆ ಮೂರು ಮಾತು ಕೇಳಿ: ಅಡಿಯನ್ನು ತೊಳೆದು ಪೂರ್ತಿ ಒಣಗಿಸಿ ಹೊಡೆಯುತ್ತೀರಾ, ಕಂಡಿ-ಸೈಲೆನ್ಸರ್-ರಬ್ಬರ್ ಬುಷ್‌ಗಳಿಗೆ ಟೇಪ್ ಹಚ್ಚುತ್ತೀರಾ, ಕಂಪನಿಯ ತುಕ್ಕು ವಾರಂಟಿಗೆ ಧಕ್ಕೆ ಇಲ್ಲವೆಂದು ಬರೆದು ಕೊಡುತ್ತೀರಾ? ಒದ್ದೆ ಮೇಲೆ ಹೊಡೆದ ಕೋಟಿಂಗಿಗಿಂತ ಕೋಟಿಂಗ್ ಇಲ್ಲದಿರುವುದೇ ಲೇಸು.

ಉಪ್ಪು ಹೆಚ್ಚು ಕೂರುವುದು ಮಳೆಗಾಲದಲ್ಲಲ್ಲ, ಆಗ ಮಳೆಯೇ ತೊಳೆಯುತ್ತದೆ. ನವೆಂಬರಿನಿಂದ ಮೇ ತನಕ ಗಾಳಿ ತಂದ ಉಪ್ಪಿನ ಮೇಲೆ ಇಬ್ಬನಿ ಬೀಳುತ್ತದಲ್ಲ, ಅದು ಕೆಟ್ಟದ್ದು. ಆ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಅಡಿಗೂ ಚಕ್ರದ ಕಮಾನಿಗೂ ನೀರು ಹಾಯಿಸಿ. ಬಾವಿ ನೀರನ್ನು ನಾಲಿಗೆಗೆ ಹಚ್ಚಿ ನೋಡಿ. ಸವುಳಿದ್ದರೆ ನಲ್ಲಿ ನೀರೇ ಬೇಕು. ಬಟ್ಟೆಯ ಕವರ್ ಹೊದಿಸಬೇಡಿ, ಉಪ್ಪು ಮತ್ತು ತೇವ ಎರಡನ್ನೂ ಅದು ಮೈಗಂಟಿಸಿ ಇಡುತ್ತದೆ. ಗಾಳಿಯಾಡುವ ಶೀಟಿನ ಮಾಡು ಮೇಲು.

ಪ್ರಶ್ನೆ: ಕೊಟ್ಟಿಗೆ ಪಕ್ಕ ನಿಲ್ಲಿಸಿದ ಹೊಸ ಕಾರಿನ ವೈರನ್ನು ಇಲಿ ಕಡಿದಿದೆ. ಪೂರ್ತಿ ವೈರಿಂಗ್ ಬದಲಿಸಬೇಕು ಎನ್ನುತ್ತಾರೆ. (ಯಲ್ಲಾಪುರ)

ಉತ್ತರ: ಒಂದೆರಡು ಸಾಧಾರಣ ವೈರಾದರೆ ಬೆಸುಗೆ ಹಾಕಿ, ಕಾಯಿಸಿದರೆ ಕುಗ್ಗುವ ಕೊಳವೆ ತೊಡಿಸಿದರೆ ಸಾಕು, ಏರ್‌ಬ್ಯಾಗಿನ ಹಳದಿ ಸುತ್ತಿನ ವೈರನ್ನು ಮಾತ್ರ ಜೋಡಿಸಬಾರದು, ಬದಲಿಸಬೇಕು. ಯಾವ ವೈರು ಎಂದು ಬರೆಸಿಕೊಂಡು ಎಸ್ಟಿಮೇಟ್ ಕೇಳಿ. ಇಲಿ ಬರುವುದು ಎಂಜಿನ್ನಿನ ಬಿಸಿಗೆ, ಗೂಡಿಗೆ. ಅಡಿಕೆ ಸಿಪ್ಪೆ, ತೆಂಗಿನಕಾಯಿ, ಹಿಂಡಿ ಚೀಲಗಳಿಂದ ದೂರ ನಿಲ್ಲಿಸಿ, ರಾತ್ರಿ ಬಾನೆಟ್ ಎತ್ತಿಡಿ. ಕತ್ತಲೆ ಇಲ್ಲದ ಕಡೆ ಅದು ಗೂಡು ಕಟ್ಟುವುದು ಕಡಿಮೆ. ಹೊಗೆಸೊಪ್ಪಿನ ಗಂಟು ನಾಲ್ಕು ದಿನ ಕೆಲಸ ಮಾಡುತ್ತದೆ, ವಾಸನೆ ಹೋದ ಮೇಲೆ ಇಲ್ಲ. ನುಸಿಗುಳಿಗೆ ಇಟ್ಟರೆ ಅದರ ಗಾಳಿ ಎಸಿ ಮೂಲಕ ನಿಮ್ಮ ಮೂಗಿಗೇ. ಪಾಷಾಣ ಖಂಡಿತ ಬೇಡ. ತಿಂದ ಇಲಿ ಬ್ಲೋವರಿನೊಳಗೆ ಸತ್ತರೆ ಡ್ಯಾಶ್‌ಬೋರ್ಡ್ ಬಿಚ್ಚಬೇಕಾದೀತು.

ಪ್ರಶ್ನೆ: ಎಸಿ ಹಾಕಿದೊಡನೆ ಒದ್ದೆ ಬಟ್ಟೆಯ ವಾಸನೆ. (ಸಿದ್ದಾಪುರ)

ಉತ್ತರ: ತಣ್ಣನೆಯ ಕಾಯಿಲ್ ಮೇಲಿನ ನೀರಿನಲ್ಲಿ ಬೂಷ್ಟು ಬೆಳೆದಿದೆ. ಮನೆ ಮುಟ್ಟುವ ಮೂರು ನಿಮಿಷ ಮೊದಲೇ ಎಸಿ ಬಟನ್ ಆರಿಸಿ, ಫ್ಯಾನ್ ಮಾತ್ರ ಜೋರಾಗಿಡಿ, ಕಾಯಿಲ್ ಒಣಗಲಿ. ಗ್ಲೋವ್ ಬಾಕ್ಸ್ ಹಿಂದಿನ ಫಿಲ್ಟರನ್ನೂ ನೋಡಿ. ಕಾಲಡಿಯ ಮ್ಯಾಟ್ ಎತ್ತಿ ಕಾರ್ಪೆಟ್ ಒತ್ತಿದಾಗ ನೀರು ಜಿನುಗಿದರೆ ಮಾತ್ರ ಬೇರೆ ಕಥೆ: ಎಸಿಯ ನೀರು ಹೋಗುವ ಪೈಪ್ ಕಟ್ಟಿದೆ, ವಾರಂಟಿಯಲ್ಲಿ ಬಿಡಿಸಿಕೊಡಲಿ.

ಪ್ರಶ್ನೆ: ಸ್ಟೆಪ್ನಿ ಚಿಕ್ಕದಿದೆ. ಮೋಸವೇ? (ಭಟ್ಕಳ)

ಉತ್ತರ: ಮೋಸವಲ್ಲ, ಕಂಪನಿಯೇ ಹಾಗೆ ಕೊಡುವುದು. ಚಕ್ರದ ಮೇಲೆ ಬರೆದ ವೇಗ ದಾಟಿಸಬೇಡಿ, ಸಾಮಾನ್ಯವಾಗಿ 80. ಪಂಕ್ಚರ್ ಅಂಗಡಿಯವರೆಗಷ್ಟೇ ಅದು. ಗಾಳಿ ಮಾತ್ರ ಎರಡು ತಿಂಗಳಿಗೊಮ್ಮೆ ನೋಡಿಸಿ.