ರಿಮೋಟ್ ಮೂರಿದ್ದರೂ ಹೊರಗಿರುವುದು ಒಂದೇ ಮಷೀನು

ಅಮೆರಿಕದ ವುಸ್ಟರ್‌ಗೆ ಬಂದು ಮೂರು ವಾರ ಆಯಿತು ಅಂದಿದ್ದೀರಿ. ಹಾಲ್‌ಗೆ ಮಧ್ಯಾಹ್ನ ಬಿಸಿಲು ಬೀಳುತ್ತದೆ ಅಂತ ಅಲ್ಲಿ ಕೂಲ್ ಹಾಕಿದರೆ ಮಗು ಮಲಗುವ ರೂಮಿನಲ್ಲಿ ಹೀಟ್ ಬರುವುದೇ ಇಲ್ಲ, ಗೋಡೆ ಮೇಲಿನ ಹೀಟ್ ಪಂಪ್ (ಬಿಸಿಯನ್ನೂ ತಂಪನ್ನೂ ಕೊಡುವ ಎಸಿ) ಯೂನಿಟ್‌ನ ಲೈಟ್ ಮಿಣುಕುತ್ತದೆ, ಕೆಟ್ಟಿದೆಯಾ, ಇದನ್ನೇ ನಂಬಿ ಚಳಿಗಾಲ ಕಳೆಯಬಹುದಾ ಅಂತ ಕೇಳಿದ್ದೀರಿ. ಕೆಟ್ಟಿಲ್ಲ. ಧೈರ್ಯವಾಗಿ ಕಳೆಯಬಹುದು. 2014ರಿಂದ ನಾವು ಇದೇ ಮ್ಯಾಸಚೂಸೆಟ್ಸ್‌ನಲ್ಲಿ ಇಂಥದ್ದೇ ಮನೆಯಲ್ಲಿದ್ದೇವೆ.

ನಮ್ಮೂರಲ್ಲಿ ಎಸಿ ಅಂದರೆ ಸಾಮಾನ್ಯವಾಗಿ ರೂಮಿಗೊಂದು, ಅದಕ್ಕೊಂದು ಹೊರಗಿನ ಡಬ್ಬ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ನಿಮ್ಮ ಮನೆಯಲ್ಲಿ ಒಳಗೆ ಮೂರು ಯೂನಿಟ್ ಇದ್ದರೂ ಹೊರಗಿನ ಕಂಪ್ರೆಸರ್ ಒಂದೇ. ಅದು ಗ್ಯಾಸನ್ನು ಒಂದು ದಿಕ್ಕಿಗೆ ತಿರುಗಿಸಿದರೆ ಮನೆಯೊಳಗೆ ಬಿಸಿ, ಇನ್ನೊಂದು ದಿಕ್ಕಿಗೆ ತಿರುಗಿಸಿದರೆ ತಂಪು. ಒಂದೇ ಕಾಲುವೆಯ ನೀರು ಏಕಕಾಲಕ್ಕೆ ಎರಡು ಕಡೆಗೆ ಹರಿಯುವುದಿಲ್ಲ ಅಲ್ವಾ? ಹಾಗಾಗಿ ಸಾಮಾನ್ಯವಾಗಿ ಯಾವ ರೂಮು ಮೊದಲು ಕೇಳಿತೋ ಅದರ ಮಾತು ನಡೆಯುತ್ತದೆ. ವಿರುದ್ಧವಾದದ್ದನ್ನು ಕೇಳಿದ ರೂಮು ಲೈಟ್ ಮಿಣುಕಿಸುತ್ತಾ ಕಾಯುತ್ತದೆ. ಒಂದು ರೂಮಿಗೆ ಬಿಸಿ, ಇನ್ನೊಂದಕ್ಕೆ ತಂಪು ಒಟ್ಟಿಗೆ ಕೊಡುವ ಸಿಸ್ಟಮ್‌ಗಳೂ ಇವೆ. ಆದರೆ ಅವು ಹೆಚ್ಚಾಗಿ ಆಫೀಸು, ಹೋಟೆಲುಗಳಲ್ಲಿ ಇರುತ್ತವೆ.

ಆದ್ದರಿಂದ ಈಗಲೇ ಮೂರೂ ರಿಮೋಟ್ ತೆಗೆದುಕೊಂಡು ಎಲ್ಲವನ್ನೂ ಹೀಟ್‌ಗೆ ಹಾಕಿ. ಹಾಲ್ ಸೆಕೆಯಾದರೆ ಅಲ್ಲಿ ಆಫ್ ಮಾಡಿ, ಕಿಟಕಿ ತೆಗೆಯಿರಿ. ಕೂಲ್ ಒತ್ತಬೇಡಿ. ಆಟೋ ಮಾತ್ರ ಬೇಡವೇ ಬೇಡ. ನಮ್ಮ ಮೊದಲ ಸಂಕ್ರಾಂತಿಗೆ ಮನೆ ತುಂಬಾ ಜನ, ಒಲೆ ಮೇಲೆ ಎರಡು ದೊಡ್ಡ ಪಾತ್ರೆ. ಹಾಲ್ ಬಿಸಿಯೇರಿತು, ಆಟೋದಲ್ಲಿದ್ದ ಯೂನಿಟ್ ತಾನಾಗಿಯೇ ಕೂಲ್‌ಗೆ ಹೊರಳಿತು. ನಮಗೆ ಗೊತ್ತೇ ಆಗಲಿಲ್ಲ. ಎಲ್ಲರನ್ನೂ ಕಳಿಸಿ ರೂಮಿಗೆ ಹೋಗಿ ನೋಡಿದರೆ, ಮಲಗಿದ್ದ ಮಗಳ ಪಾದ ಮಂಜಿನ ಹಾಗೆ ತಣ್ಣಗಿತ್ತು. ತಲೆ ಮೇಲೆ ಲೈಟ್ ಮಿಣುಕುತ್ತಿತ್ತು. ಅವತ್ತಿನಿಂದ ನಮ್ಮ ಮನೆಯಲ್ಲಿ ಆಟೋ ಇಲ್ಲ.

ರಿಮೋಟ್‌ನ ಪರದೆ ನಂಬಿ ಕೂರಬೇಡಿ. ಹೆಚ್ಚಿನ ರಿಮೋಟ್‌ಗಳು ತಾವು ಕಳಿಸಿದ್ದನ್ನು ಮಾತ್ರ ತೋರಿಸುತ್ತವೆ. ಯೂನಿಟ್ ಏನು ಮಾಡುತ್ತಿದೆ ಅನ್ನುವುದು ಅದಕ್ಕೆ ಗೊತ್ತಿರುವುದಿಲ್ಲ. ಇನ್ನೊಂದು ವಿಷಯ, ಉಷ್ಣತೆ ಅಳೆಯುವ ಸೆನ್ಸರ್ ಸಾಮಾನ್ಯವಾಗಿ ಗೋಡೆ ಮೇಲಿನ ಯೂನಿಟ್‌ನ ಒಳಗೇ ಇರುತ್ತದೆ. ಬಿಸಿ ಗಾಳಿ ಮೇಲಕ್ಕೇರುವುದರಿಂದ ಕೆಳಗೆ ಮಗು ಮಲಗುವ ಜಾಗ ಬೆಚ್ಚಗಾಗುವ ಮೊದಲೇ ಅದು ಸಾಕು ಅಂದುಕೊಳ್ಳುತ್ತದೆ. ಹಾಸಿಗೆ ಪಕ್ಕ ಒಂದು ಸಣ್ಣ ಥರ್ಮಾಮೀಟರ್ ಇಡಿ. ಅಲ್ಲಿ 68 ಫ್ಯಾರನ್‌ಹೀಟ್, ಅಂದರೆ 20 ಸೆಲ್ಸಿಯಸ್ ಬರಬೇಕಾದರೆ ರಿಮೋಟ್‌ನಲ್ಲಿ 71-72 ಇಡಬೇಕಾದೀತು.

ಕರೆಂಟ್ ಉಳಿಸಲು ಆಫೀಸಿಗೆ ಹೋಗುವಾಗ ಆಫ್ ಮಾಡಿ, ಬಂದು ಜೋರಾಗಿ ಹಾಕುವ ಅಭ್ಯಾಸ ಚಳಿಗಾಲದಲ್ಲಿ ಬೇಡ. ಈ ಕಂಪ್ರೆಸರ್ ಇನ್ವರ್ಟರ್‌ನದ್ದು, ಅಂದರೆ ವೇಗವನ್ನು ತಾನೇ ಹೆಚ್ಚು ಕಡಿಮೆ ಮಾಡಿಕೊಳ್ಳುವಂಥದ್ದು. ಬೇಕಾದಷ್ಟೇ ವೇಗದಲ್ಲಿ ನಿಧಾನವಾಗಿ ಓಡಿದಾಗಲೇ ಅದಕ್ಕೆ ಹೆಚ್ಚು ಲಾಭ. ಬಚ್ಚಲ ಹಂಡೆಯ ಒಲೆ ಇದ್ದ ಹಾಗೆ. ಪೂರ್ತಿ ಆರಿಸಿ ಮತ್ತೆ ಹೊತ್ತಿಸುವುದಕ್ಕಿಂತ ಸಣ್ಣ ಉರಿಯಲ್ಲಿ ಬಿಡುವುದು ಒಳ್ಳೆಯದು. ಒಂದೇ ಸಣ್ಣ ರೂಮನ್ನು ಹಾಕಿ ಉಳಿದದ್ದೆಲ್ಲ ಆಫ್ ಮಾಡುವುದೂ ಅಷ್ಟೇ. ಕಂಪ್ರೆಸರ್ ಎಷ್ಟು ನಿಧಾನ ಮಾಡಿದರೂ ಒಂದು ರೂಮಿಗೆ ಅದು ಜಾಸ್ತಿಯಾಗಿ, ಪದೇಪದೇ ನಿಂತು ಶುರುವಾಗುತ್ತದೆ.

ಇದೊಂದನ್ನು ನೋಡಿ ಗಾಬರಿಯಾಗಬೇಡಿ. ಸೊನ್ನೆ ಡಿಗ್ರಿ ಸೆಲ್ಸಿಯಸ್ ಸುಮಾರಿನ ತೇವದ ದಿನಗಳಲ್ಲಿ ಒಳಗಿನ ಫ್ಯಾನ್ ದಿಢೀರನೆ ನಿಲ್ಲುತ್ತದೆ. ಸುಯ್ ಅನ್ನುವ ಸದ್ದು ಬರುತ್ತದೆ, ಹೊರಗಿನ ಡಬ್ಬದಿಂದ ದಟ್ಟ ಬಿಳಿ ಹೊಗೆ ಏಳುತ್ತದೆ. ಅದು ಹೊಗೆಯಲ್ಲ, ಹಬೆ. ಆ ಡಬ್ಬದ ಕಾಯಿಲ್ (ಕೊಳವೆಯ ಸುರುಳಿ) ಮೇಲೆ ಕಟ್ಟಿದ ಮಂಜು ಕರಗಿಸಲು ಮಷೀನು ಸ್ವಲ್ಪ ಹೊತ್ತು ತಾನೇ ದಿಕ್ಕು ಬದಲಿಸಿಕೊಂಡಿರುತ್ತದೆ. ಐದು ಹತ್ತು ನಿಮಿಷ ಕಾದರೆ ಮತ್ತೆ ಬಿಸಿ ಗಾಳಿ ಬರುತ್ತದೆ. ಆ ಹೊತ್ತಲ್ಲಿ ರಿಮೋಟ್ ಮುಟ್ಟಬೇಡಿ. ಫಿಲ್ಟರ್ ಮಾತ್ರ ತಿಂಗಳಿಗೊಮ್ಮೆ ತೊಳೆದು, ಒಣಗಿಸಿ ಹಾಕಿ. ನಮ್ಮ ಒಗ್ಗರಣೆಯ ಜಿಡ್ಡು ಬೇಗ ಕೂರುತ್ತದೆ.

ಇಷ್ಟೆಲ್ಲ ಮಾಡಿಯೂ ಬೆಚ್ಚಗಾಗದಿದ್ದರೆ ಸುಮ್ನೆ ಸಹಿಸಿಕೊಳ್ಳಬೇಡಿ. ಈ ರಾಜ್ಯದ ನಿಯಮದ ಪ್ರಕಾರ ಚಳಿಗಾಲದಲ್ಲಿ ಬಾಡಿಗೆ ಮನೆ ಹಗಲು 68, ರಾತ್ರಿ 64 ಫ್ಯಾರನ್‌ಹೀಟ್‌ವರೆಗಾದರೂ ಬೆಚ್ಚಗಾಗಬೇಕು, ಆ ವ್ಯವಸ್ಥೆ ಮಾಲೀಕರದ್ದು. ಥರ್ಮಾಮೀಟರ್‌ನ ಫೋಟೋ ತೆಗೆದು ಅವರಿಗೆ ಬರೆಯಿರಿ.

ಹಿಮ ಬೀಳುವ ಮುಂಚೆ ಹೊರಗೆ ಹೋಗಿ ಆ ಡಬ್ಬ ಎಷ್ಟು ಎತ್ತರದಲ್ಲಿದೆ ನೋಡಿ ಬನ್ನಿ. 2015ರ ಫೆಬ್ರವರಿಯಲ್ಲಿ ನಮ್ಮದು ಪೂರ್ತಿ ಹೂತುಹೋಗಿತ್ತು. ಬಾಸ್ಟನ್‌ಗೆ ಆ ಸೀಸನ್‌ನಲ್ಲಿ 110.6 ಇಂಚು ಹಿಮ ಬಿದ್ದಿತ್ತು. ರಾತ್ರಿ ಹನ್ನೊಂದಕ್ಕೆ ನಾನು ಸಲಿಕೆ ಹಿಡಿದು, ಹೆಂಡತಿ ಟಾರ್ಚ್ ಹಿಡಿದು, ಸುತ್ತ ಎರಡಡಿ ಜಾಗ ಬಿಡಿಸಿದ ಮೇಲೇ ಅದಕ್ಕೆ ಉಸಿರು ಬಂದದ್ದು. ನಿಮ್ಮದು ನೆಲದ ಮೇಲೇ ಕೂತಿದ್ದರೆ ಸ್ಟ್ಯಾಂಡ್ ಹಾಕಿಸಿಕೊಡಿ ಅಂತ ಮಾಲೀಕರಿಗೆ ಈ ವಾರವೇ ಹೇಳಿ.