ಗ್ಲೆನ್ ಮಿಲ್ಲರ್ ಚಿತ್ರದ ಕುರಿತ ನಿಮ್ಮ ಲೇಖನ

ಮಾನ್ಯರೇ,

ಅಮೆರಿಕದ ವಾದ್ಯತಂಡದ ನಾಯಕ, ಟ್ರೊಂಬೋನ್ ವಾದಕ ಗ್ಲೆನ್ ಮಿಲ್ಲರ್ ಅವರ ಬದುಕನ್ನು ಆಧರಿಸಿದ ‘ದಿ ಗ್ಲೆನ್ ಮಿಲ್ಲರ್ ಸ್ಟೋರಿ’ ಚಿತ್ರವನ್ನು ಕುರಿತು ನೀವು ಕಳುಹಿಸಿದ ಲೇಖನವನ್ನು ಗಮನವಿಟ್ಟು ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ; ಕೈಬಿಡಲೂ ಮನಸ್ಸಿಲ್ಲದ್ದರಿಂದ ಈ ಪತ್ರ ದೀರ್ಘವಾಗಿದೆ.

ಆಂಥೊನಿ ಮನ್ ನಿರ್ದೇಶಿಸಿ 1954ರಲ್ಲಿ ತೆರೆಕಂಡ ಈ ಚಿತ್ರವನ್ನು ನೀವು ಮಿಲ್ಲರ್ ಅವರ ಬದುಕೆಂದೇ ನಂಬಿ ಬರೆದಿದ್ದೀರಿ. ಕೊನೆಯ ದೃಶ್ಯವನ್ನೇ ನೋಡಿ. ಪತಿ ಕಣ್ಮರೆಯಾದ ಮೇಲೆ ಬಂದ ಕ್ರಿಸ್‌ಮಸ್‌ನಂದು ಮಿಲ್ಲರ್ ಅವರ ಪತ್ನಿ ಹೆಲೆನ್ ರೇಡಿಯೋದಲ್ಲಿ ‘ಲಿಟಲ್ ಬ್ರೌನ್ ಜಗ್’ ಕೇಳುತ್ತಾರೆ. ಆಕೆಗೆ ಇಷ್ಟವಾಗಿದ್ದ ಆ ಹಾಡು ಪತಿಯ ಕಡೆಯ ಕಾಣಿಕೆಯಾಗಿ ಅಲ್ಲಿ ಮೊಳಗುತ್ತದೆ. ಹೆಲೆನ್ ಪಾತ್ರ ಮಾಡಿದ ಜೂನ್ ಆಲಿಸನ್ ಅವರ ಮುಖಭಾವವನ್ನು ನೀವು ವರ್ಣಿಸಿದ ಪ್ಯಾರಾ ನಿಜಕ್ಕೂ ಚೆನ್ನಾಗಿದೆ, ಅದನ್ನು ಹಾಗೆಯೇ ಉಳಿಸಿಕೊಳ್ಳಿ. ಆದರೆ ಬಿಲ್ ಫಿನೆಗನ್ ವಾದ್ಯತಂಡಕ್ಕೆ ಹೊಂದಿಸಿದ ಆ ಹಾಡನ್ನು ಮಿಲ್ಲರ್ ತಂಡ 1939ರಲ್ಲಿಯೇ ಧ್ವನಿಮುದ್ರಿಸಿತ್ತು. ತಂಡಕ್ಕೆ ಹೆಸರು ತಂದ ಮೊದಲ ಹಾಡುಗಳಲ್ಲಿ ಅದೂ ಒಂದು. ಅದನ್ನು ಚಿತ್ರಕಥೆಗಾರರು ಐದು ವರ್ಷ ಬಚ್ಚಿಟ್ಟು ಕೊನೆಗೆ ಹೊರತೆಗೆದದ್ದೇಕೆ ಎಂಬ ಪ್ರಶ್ನೆಯನ್ನು ನೀವು ಕೇಳಿಕೊಂಡಿದ್ದರೆ ಲೇಖನ ಬೇರೆಯೇ ಆಗುತ್ತಿತ್ತು.

ಇದಕ್ಕಿಂತ ಮುಖ್ಯವಾದುದು ಕ್ಲಾರಿನೆಟ್ಟಿನ ಪ್ರಸಂಗ. ಟ್ರಂಪೆಟ್ ವಾದಕನ ತುಟಿಗೆ ಗಾಯವಾಗಿ, ಆ ಭಾಗವನ್ನು ಕ್ಲಾರಿನೆಟ್ಟಿಗೆ ವಹಿಸಿದಾಗ ಮಿಲ್ಲರ್ ಬಹುಕಾಲ ಅರಸುತ್ತಿದ್ದ ನಾದ ಸಿಕ್ಕಿತೆಂದು ಚಿತ್ರ ತೋರಿಸುತ್ತದೆ, ನೀವೂ ಅದನ್ನೇ ಬರೆದಿದ್ದೀರಿ. ಆದರೆ ಮಿಲ್ಲರ್ 1935ರ ಸುಮಾರಿಗೆ ರೇ ನೋಬಲ್ ಅವರ ತಂಡಕ್ಕೆ ಸಂಗೀತ ಹೊಂದಿಸುತ್ತಿದ್ದಾಗಲೇ ಕ್ಲಾರಿನೆಟ್ಟನ್ನು ಮುಂದಿಟ್ಟು ಪ್ರಯೋಗ ಮಾಡಿದ್ದರು. ಅವರ ತಂಡದ ಗುರುತಿನ ರಾಗವಾದ ‘ಮೂನ್‌ಲೈಟ್ ಸೆರೆನೇಡ್’ ಮೊಳೆತದ್ದು ಸಂಗೀತಶಾಸ್ತ್ರದ ಶಿಕ್ಷಕ ಜೋಸೆಫ್ ಶಿಲಿಂಗರ್ ಅವರ ಬಳಿ ಮಾಡಿದ ಪಾಠದ ಅಭ್ಯಾಸದಿಂದ. ಮಿಲ್ಲರ್ ಕಟ್ಟಿದ ಮೊದಲ ತಂಡ 1938ರ ಆರಂಭದಲ್ಲಿ ಮುರಿದುಬಿದ್ದಿತ್ತು. ವರ್ಷಗಟ್ಟಲೆಯ ಈ ದುಡಿಮೆಯನ್ನು ಚಿತ್ರ ಒಂದು ಆಕಸ್ಮಿಕಕ್ಕೆ ಇಳಿಸಿತು. ಕಲಿಕೆ ಮತ್ತು ತಿದ್ದುವಿಕೆಯನ್ನು ತೆರೆಯ ಮೇಲೆ ತೋರಿಸುವುದು ಕಷ್ಟ, ಒಡೆದ ತುಟಿಯನ್ನು ತೋರಿಸುವುದು ಸುಲಭ ಎಂಬುದೇ ಇದಕ್ಕೆ ಕಾರಣವೆಂದು ನನ್ನ ಎಣಿಕೆ. ನಿಮ್ಮ ಲೇಖನದ ಹುರುಳು ಇಲ್ಲಿದೆ.

ಆ ನಾದವನ್ನಾದರೂ ನೀವು ಓದುಗರಿಗೆ ಕೇಳಿಸಬೇಕಿತ್ತು. ‘ಮಧುರ’, ‘ಅದ್ಭುತ’ ಎಂದರೆ ಏನೂ ಕೇಳಿಸುವುದಿಲ್ಲ. ಕ್ಲಾರಿನೆಟ್ ಮೇಲಿನ ಸ್ಥಾಯಿಯಲ್ಲಿ ರಾಗವನ್ನು ನುಡಿಸುತ್ತದೆ, ಟೆನರ್ ಸ್ಯಾಕ್ಸೊಫೋನ್ ಅದನ್ನೇ ಒಂದು ಸ್ಥಾಯಿ ಕೆಳಗೆ ನುಡಿಸುತ್ತದೆ, ನಡುವಿನ ಜಾಗವನ್ನು ಉಳಿದ ಸ್ಯಾಕ್ಸೊಫೋನುಗಳು ತುಂಬುತ್ತವೆ ಎಂದು ಬರೆಯಿರಿ. ಕರ್ನಾಟಕ ಸಂಗೀತದ ಕಛೇರಿಗಳಲ್ಲಿ ಕ್ಲಾರಿನೆಟ್ ಕೇಳಿದ ನಮ್ಮ ಓದುಗರು ಇದನ್ನು ಖಂಡಿತ ಊಹಿಸಿಕೊಳ್ಳಬಲ್ಲರು.

ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಮತ್ತು ಡ್ರಮ್ ವಾದಕ ಜೀನ್ ಕ್ರೂಪಾ ತಾವು ತಾವಾಗಿಯೇ ಬಂದು ನುಡಿಸುವ ದೃಶ್ಯಕ್ಕೆ ನೀವು ಒಂದೇ ವಾಕ್ಯ ಕೊಟ್ಟಿರುವುದು ನನಗೆ ಬೇಸರ ತಂದಿತು. ಕಲ್ಪನೆ ತುಂಬಿದ ಚಿತ್ರದಲ್ಲಿ ಅದು ನಿಜವಾದ ವಾದಕರ ನಿಜವಾದ ದಾಖಲೆ.

ಎರಡು ತಿದ್ದುಪಡಿಗಳಿವೆ. ಚಿತ್ರದಲ್ಲಿ ಟ್ರೊಂಬೋನ್ ನುಡಿಸಿದ್ದು ಮಿಲ್ಲರ್ ಪಾತ್ರ ಮಾಡಿದ ಜೇಮ್ಸ್ ಸ್ಟೂವರ್ಟ್ ಅಲ್ಲ. ಅವರ ಕೈಚಲನೆಗೆ ಜೋ ಯುಕಲ್ ಮೊದಲಾದ ನುರಿತ ವಾದಕರು ನಾದ ಕೊಟ್ಟರು. 1944ರ ಡಿಸೆಂಬರ್ 15ರಂದು ಇಂಗ್ಲೆಂಡಿನಿಂದ ಪ್ಯಾರಿಸ್ಸಿಗೆ ಹೊರಟ ಮಿಲ್ಲರ್ ಅವರ ವಿಮಾನ ‘ಉರಿದು ಸಮುದ್ರಕ್ಕೆ ಬಿತ್ತು’ ಎಂದು ಬರೆದಿದ್ದೀರಿ. ಅದು ಕಣ್ಮರೆಯಾಯಿತು ಎಂದಷ್ಟೇ ಬರೆಯಿರಿ, ಬೆಂಕಿಯನ್ನು ಕಂಡವರಿಲ್ಲ.

ಕಥಾಸಾರವನ್ನು ಒಂದು ಪ್ಯಾರಾಕ್ಕೆ ಇಳಿಸಿ, ಕ್ಲಾರಿನೆಟ್ಟಿನ ಪ್ರಸಂಗವನ್ನು ಮೊದಲಿಗೆ ತಂದು, ಲೇಖನವನ್ನು ಮತ್ತೆ ಬರೆದು ನನಗೇ ಕಳುಹಿಸಿ.

ವಿಶ್ವಾಸದಿಂದ,
ಸಂಪಾದಕ